ಹಾಕ್ಸನ್ ಗ್ರಾಮದ ನಿಕ್ಷೇಪವು

ಕನ್ನಡನಾಡಿನ ಶಿಲಾಶಾಸನಗಳನ್ನೂ ತಾಮ್ರಪಟಗಳನ್ನೂ ಅವಲೋಕಿಸಿದವರಿಗೆ ‘ಅಷ್ಟಭೋಗ ತೇಜಸ್ವಾಮ್ಯ’ವೆಂಬ ಮಾತು ಪರಿಚಿತವಾದುದೇ ಸರಿ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಎಂಟು ಹಕ್ಕುಗಳೊಡನೆ ಭೂಮಿಯನ್ನು ದತ್ತಿ ಬಿಡುವುದು ಪೂರ್ವದ ಅರಸರ ಪದ್ಧತಿಯಾಗಿದ್ದಿತು. ಈ ಎಂಟರಲ್ಲಿ ಮೊದಲನೆಯ ಎರಡೂ ನೆಲದೊಳಗೆ ಹುದುಗಿದ ಧನಕ್ಕೆ ಸಂಬಂಧಪಟ್ಟವುಗಳೆಂಬುದನ್ನು ಗಮನಿಸಬೇಕು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರವೆಂಬ ವ್ಯಾಖ್ಯಾನದಲ್ಲಿಯೂ ಈ ವಿಚಾರವು ಬಂದಿರುತ್ತದೆ. ಸಾಮಾನ್ಯನೊಬ್ಬನಿಗೆ ನಿಧಿಯು ದೊರೆತರೆ ಅರಸನು ಅವನಿಗೆ ಆರನೆಯ ಒಂದು ಪಾಲನ್ನು ಕೊಟ್ಟು ಉಳಿದುದನ್ನು ತಾನು ತೆಗೆದುಕೊಳ್ಳತಕ್ಕದ್ದೆಂದೂ, ತಿಳಿಸದೆ ಮರೆಮಾಡಿದವನು ದಂಡಕ್ಕೆ ಅರ್ಹನೆಂದೂ ಅಲ್ಲಿಯ ತೀರ್ಮಾನವು. ಸಿಕ್ಕಿದುದನ್ನು ಬಚ್ಚಿಡುವುದೇ ಅಪರಾಧವು, ಸಿಕ್ಕುವುದಲ್ಲ. ಈ ನ್ಯಾಯದ ಸಾರವೇನೆಂಬುದನ್ನು ದೂರದ ಆಂಗ್ಲದೇಶದಲ್ಲಿ 1992ನೆಯ ಇಸವಿಯಲ್ಲಿ ನಡೆದ ಒಂದು ಸಂಗತಿಯು ಚೆನ್ನಾಗಿ ತೋರಿಸಿಕೊಡುತ್ತದೆ.

ಇಂಗ್ಲೆಂಡಿನ ಪೂರ್ವಭಾಗದಲ್ಲಿ ಸಫೋಕ್ ಎಂಬ ಪ್ರಾಂತವಿದೆ. ಅಲ್ಲಿಯ ಹಾಕ್ಸನ್ ಎಂಬ ಸಣ್ಣ ಗ್ರಾಮದಲ್ಲಿ ಪೀಟರ್ ವಾಟ್ಲಿಂಗನೆಂಬ ಒಕ್ಕಲಿಗನು ಹೊಲದಲ್ಲಿ ತನ್ನ ಸುತ್ತಿಗೆಯನ್ನು ಕಳೆದುಕೊಂಡನು. ಅವನ ಗೆಳೆಯನಾದ ಎರಿಕ್ ಲಾಸನು ತೋಟಗಾರಿಕೆಯಿಂದ ನಿವೃತ್ತನಾದವನು. ಅವನ ಹತ್ತಿರ ಲೋಹಶೋಧಕ ಯಂತ್ರವೊಂದಿದ್ದಿತು. ಈ ಯಂತ್ರದ ತುದಿಯಲ್ಲಿ ತಂತಿಯ ಸುರುಳಿಯಿರುತ್ತದೆ. ಅದರಲ್ಲಿ ವಿದ್ಯುತ್ತು ಹರಿದಾಗ ಸುತ್ತಲೂ ಅಯಸ್ಕಾಂತ ಶಕ್ತಿಯು ಹರಡಿ, ನೆಲದೊಳಗಿನ ಲೋಹದಲ್ಲಿಯೂ ಸೂಕ್ಷ್ಮವಾದ ವಿದ್ಯುತ್ಪ್ರವಾಹವನ್ನು ಹುಟ್ಟಿಸುತ್ತದೆ. ಆ ಪ್ರವಾಹದ ಪ್ರತಿಸ್ಪಂದನವನ್ನು ಯಂತ್ರವು ಧ್ವನಿಯಾಗಿ ಕೇಳಿಸುತ್ತದೆ. ಲೋಹವಿದೆಯೆಂಬುದನ್ನು ಯಂತ್ರವು ಹೇಳಬಲ್ಲದೇ ಹೊರತು, ಅದನ್ನು ಇಟ್ಟವರಾರು, ಏತಕ್ಕಾಗಿ ಇಟ್ಟರು ಎಂಬುದನ್ನು ಹೇಳಲಾರದು. ಆ ಮಾತನ್ನು ಹೇಳತಕ್ಕುದು ಸುತ್ತಣ ಮಣ್ಣು.

ನವೆಂಬರ್ 16ನೆಯ ದಿನ ಲಾಸನು ಸುತ್ತಿಗೆಯನ್ನು ಹುಡುಕುತ್ತಿರಲು ಯಂತ್ರವು ಗಟ್ಟಿಯಾಗಿ ನುಡಿಯಿತು. ಅಗೆದು ನೋಡಲಾಗಿ ಬೆಳ್ಳಿಯ ಚಮಚಗಳೂ, ಚಿನ್ನದ ಸರಗಳೂ, ನಾಣ್ಯಗಳೂ ಕಾಣಿಸಿಕೊಂಡವು. ಆಗ ಅವನು ಮಾಡಿದ ಕಾರ್ಯವೇ ಈ ವೃತ್ತಾಂತದ ಜೀವಾಳವು. ಅವನು ಅಗೆಯುವುದನ್ನು ನಿಲ್ಲಿಸಿದನು. ಗೆಳೆಯರಿಬ್ಬರೂ ಕೂಡಿ ಭೂಮಿಯ ಒಡೆತನವಿದ್ದ ಪ್ರಾಂತ ಮಂಡಳಿಗೂ ಪೋಲೀಸರಿಗೂ ವರ್ತಮಾನವನ್ನು ಕೊಟ್ಟರು. ಮರುದಿನವೇ ಪ್ರಾಕ್ತನಶಾಸ್ತ್ರಜ್ಞರು ಬಂದು, ಸುದ್ದಿಯು ಹರಡಿ ಜನರು ಮುತ್ತುವುದಕ್ಕೆ ಮೊದಲೇ, ಒಂದೇ ದಿವಸದಲ್ಲಿ ನಿಕ್ಷೇಪವೆಲ್ಲವನ್ನೂ ಎತ್ತಿದರು. ಕೆಲವು ಭಾಗಗಳನ್ನು ಮಣ್ಣಿನ ಹೆಂಟೆಯೊಡನೆಯೇ ತೆಗೆದು ಪರೀಕ್ಷಾಶಾಲೆಗೆ ಸಾಗಿಸಿದರು.

ಅಲ್ಲಿ ದೊರೆತುದು ರೋಮನ್ ಸಾಮ್ರಾಜ್ಯದ ಅಂತ್ಯಕಾಲದ ಒಂದು ಸಿರಿವಂತ ಮನೆತನದ ಸಂಪತ್ತು. ಚಿನ್ನದ ನಾಣ್ಯಗಳು 569, ಬೆಳ್ಳಿಯವು 14,272, ಕಂಚಿನವು 24, ಒಟ್ಟು 14,865. ಇವಲ್ಲದೆ ಆಭರಣಗಳೂ ಬೆಳ್ಳಿಯ ಉಪಕರಣಗಳೂ ಸೇರಿ ಸುಮಾರು 200 ವಸ್ತುಗಳು. ಮಣ್ಣನ್ನು ಕೆಡಿಸದೆ ತೆಗೆದುದರಿಂದಲೇ, ಇವೆಲ್ಲವನ್ನೂ ಓಕ್ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದರೆಂಬುದೂ, ಅದರೊಳಗೆ ಚಿಕ್ಕ ಬೆಳ್ಳಿಯ ಬೀಗಗಳುಳ್ಳ ಕಿರುಪೆಟ್ಟಿಗೆಗಳಿದ್ದುವೆಂಬುದೂ ಗೊತ್ತಾಯಿತು. ಮರವು ಬಹುಮಟ್ಟಿಗೆ ಮಣ್ಣಾಗಿ ಹೋಗಿದ್ದಿತು. ಆದರೆ ವಸ್ತುಗಳನ್ನು ಜೋಡಿಸಿದ್ದ ಕ್ರಮವು ಉಳಿದಿದ್ದಿತು. ಇದು ಅವಸರದಿಂದ ಎಸೆದುದಲ್ಲ, ಮರಳಿ ಬಂದು ತೆಗೆದುಕೊಳ್ಳುವ ಆಸೆಯಿಂದ ಜೋಪಾನವಾಗಿ ಇರಿಸಿದ ಧನವೆಂದು ಆ ಕ್ರಮವೇ ಸಾರಿತು.

ಕಡೆಯ ನಾಣ್ಯಗಳಿಂದ ಈ ಧನವನ್ನು ಕ್ರಿ. ಶ. 407ರ ತರುವಾಯ ಹೂಳಿದರೆಂಬುದು ಸಿದ್ಧವಾಗುತ್ತದೆ. ಅದು ಬ್ರಿಟನ್ ದ್ವೀಪದಲ್ಲಿ ರೋಮನ್ ಪ್ರಭುತ್ವವು ಕುಸಿದ ಕಾಲವು. ಕೆಲವು ಚಮಚಗಳ ಮೇಲೆ ಔರೇಲಿಯುಸ್ ಉರ್ಸಿಕಿನುಸ್ ಎಂಬ ಹೆಸರಿದೆ. ಒಂದು ಬಂಗಾರದ ಕಡಗದಲ್ಲಿ ಜೂಲಿಯಾನೆ ಎಂಬ ಗೃಹಿಣಿಗೆ ಹಾರೈಕೆಯನ್ನು ಕೊರೆದಿದ್ದಾರೆ. ಆ ಮನೆಯವರು ಏನಾದರೆಂಬುದನ್ನು ಯಾವ ಗ್ರಂಥವೂ ಹೇಳುವುದಿಲ್ಲ. ಧನವನ್ನು ಇಟ್ಟವರು ಮರಳಲಿಲ್ಲವೆಂಬುದೊಂದೇ ನಿಶ್ಚಯವು.

ಈ ರಾಶಿಯಲ್ಲಿ ನಮ್ಮ ದೇಶದ ನೆನಪೂ ಇರುವುದು ವಿಶೇಷವು. ಮೆಣಸಿನ ಪುಡಿಯನ್ನು ಉದುರಿಸುವ ನಾಲ್ಕು ಬೆಳ್ಳಿಯ ಪಾತ್ರೆಗಳು ಅಲ್ಲಿ ದೊರೆತವು. ಅವುಗಳಲ್ಲೊಂದು ಕುಲೀನ ಸ್ತ್ರೀಯ ಅರ್ಧಪ್ರತಿಮೆಯ ಆಕಾರದಲ್ಲಿದ್ದು, ಅದರ ತಳದ ಬಿಲ್ಲೆಯನ್ನು ತಿರುಗಿಸಿದರೆ ತುಂಬುವುದಕ್ಕೂ, ಉದುರಿಸುವುದಕ್ಕೂ, ಮುಚ್ಚುವುದಕ್ಕೂ ಅನುಕೂಲವಾಗುತ್ತದೆ. ಕರಿಮೆಣಸಾದರೋ ದಕ್ಷಿಣ ಹಿಂದೂಸ್ಥಾನದ ಪಶ್ಚಿಮದ ಕರಾವಳಿಯಿಂದ ಹಡಗುಗಳಲ್ಲಿ ಹೋಗುತ್ತಿದ್ದ ಸರಕು. ಹಿಂದೂದೇಶವು ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯಗಳಷ್ಟು ಹಣವನ್ನು ಸೆಳೆಯುತ್ತದೆಂದು 1ನೆಯ ಶತಮಾನದ ರೋಮನ್ ಪಂಡಿತ ಪ್ಲಿನಿಯು ದೂರಿದನು. ಸಹ್ಯಾದ್ರಿಯ ಮಗ್ಗುಲಲ್ಲಿ ಬೆಳೆದ ಕಾಳು ಹಾಕ್ಸನ್ನಿನ ಊಟದ ಪಂಕ್ತಿಯವರೆಗೆ ಮುಟ್ಟುತ್ತಿದ್ದಿತೆಂಬುದಕ್ಕೆ ಈ ಪಾತ್ರೆಗಳು ಸಾಕ್ಷಿಯಾಗಿವೆ.

ಇದಕ್ಕೆ ವಿಪರೀತವಾದ ನಿದರ್ಶನಗಳೂ ಆ ಸೀಮೆಯಲ್ಲಿಯೇ ಉಂಟು. ಅದೇ ಸಫೋಕಿನ ಮಿಲ್ಡನ್‌ಹಾಲಿನಲ್ಲಿ 1942ರಲ್ಲಿ ನೇಗಿಲಿಗೆ ಸಿಕ್ಕಿದ ರೋಮನ್ ಬೆಳ್ಳಿಯ ಪಾತ್ರೆಗಳು ಒಂದು ಮನೆಯಲ್ಲಿಯೇ ಉಳಿದು 1946ರಲ್ಲಿ ಬೆಳಕಿಗೆ ಬಂದವು. ಅಷ್ಟರಲ್ಲಿ ಸ್ಥಳದ ಸಾಕ್ಷ್ಯವು ಅಳಿದು, ವಿದ್ವಾಂಸರಲ್ಲಿ ಸಂಶಯಕ್ಕೆ ಎಡೆಯಾಯಿತು. ನಾರ್ಫೋಕಿನ ಥೆಟ್‌ಫರ್ಡಿನಲ್ಲಿ 1979ರಲ್ಲಿ ಒಬ್ಬನು ಅಪ್ಪಣೆಯಿಲ್ಲದೆ ಯಂತ್ರದಿಂದ ಶೋಧಿಸಿ, ದೊರೆತುದನ್ನು ಮರೆಮಾಡಿದನು. ವಿಷಯವು ಹೊರಬೀಳುವಾಗ ಆ ನೆಲದ ಮೇಲೆ ಕಟ್ಟಡವೆದ್ದಿದ್ದಿತು. ಚಿನ್ನವು ಉಳಿಯಿತು, ಅದರ ಚರಿತ್ರೆಯು ಹೋಯಿತು.

ಹಾಕ್ಸನ್ನಿನ ಧನವು 1993ರ ಸಪ್ಟಂಬರಿನಲ್ಲಿ ವಿಚಾರಣೆಯಾಗಿ ರಾಜ್ಯದ ಸ್ವತ್ತೆಂದು ನಿರ್ಣಯವಾಯಿತು. ಲಾಸನಿಗೆ 17 ಲಕ್ಷ 50 ಸಾವಿರ ಪೌಂಡುಗಳ ಬಹುಮಾನವು ಸಂದಿತು. ಅವನು ಅದನ್ನು ಒಕ್ಕಲಿಗ ಗೆಳೆಯನೊಡನೆ ಹಂಚಿಕೊಂಡನು. ಹಾಗೆ ಹಂಚಬೇಕೆಂಬ ಕಟ್ಟುಪಾಡು ಆಗ ಇರಲಿಲ್ಲ. ಭೂಮಿಯ ಒಡೆಯನಿಗೂ ಪಾಲು ಸಲ್ಲುವಂತೆ 1996ರ ಕಾಯಿದೆಯು ತರುವಾಯ ಏರ್ಪಡಿಸಿತು. ಕಳೆದ ಸುತ್ತಿಗೆಯೂ ಅಗೆತದಲ್ಲಿಯೇ ಸಿಕ್ಕಿ, ನಿಧಿಯೊಡನೆ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು.

ನಮ್ಮ ನಾಡಿನಲ್ಲಿಯೂ 1878ರ ನಿಧಿ ಕಾಯಿದೆಯು 10 ರೂಪಾಯಿಗೆ ಮೀರಿದ ಭೂಗತ ಧನವು ದೊರೆತರೆ ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. ಹೀಗಿದ್ದರೂ ನಿಧಿಯ ಆಶೆಯಿಂದ ಪಾಳುಬಿದ್ದ ಗುಡಿಗಳಲ್ಲಿ ಲಿಂಗದ ಪೀಠವನ್ನು ಕಿತ್ತು, ನಂದಿಯನ್ನು ಉರುಳಿಸಿ, ಹಾಳುಮನೆಗಳ ಅಡಿಗಲ್ಲನ್ನು ಅಗೆಯುವ ದುರುಳರು ಇಲ್ಲದೆ ಇಲ್ಲ. ಅವರಿಗೆ ಬಹುಮಟ್ಟಿಗೆ ದೊರೆಯುವುದು ಬರಿಯ ಮಣ್ಣು. ನಾಡಿಗೆ ಆಗುವ ನಷ್ಟವೋ ತುಂಬಿ ಬಾರದು. ಉಳುವಾಗ ನೇಗಿಲು ತಡೆದರೆ, ತಳಹದಿಯನ್ನು ತೋಡುವಾಗ ಗಡಿಗೆಯೊಂದು ಕಂಡರೆ, ಕೈಯನ್ನು ತಡೆದು ನಿಂತು ಸರಕಾರಕ್ಕೆ ವರ್ತಮಾನವನ್ನು ಕೊಡುವುದೇ ಸದ್ಭಕ್ತರಿಗೆ ಒಪ್ಪುವ ನಡತೆಯು. ಸುತ್ತಿಗೆಯನ್ನು ಹುಡುಕಲು ಹೋದವನೊಬ್ಬನು ಸಕಾಲದಲ್ಲಿ ನಿಲ್ಲಿಸಿದುದರಿಂದ, ಅಳಿದುಹೋದ ಒಂದು ಮನೆತನದ ಕಥೆಯು ಸುಮಾರು 1,600 ವರುಷಗಳ ಮೇಲೆ ಲೋಕಕ್ಕೆ ದೊರೆಯಿತು.