ಅರ್ಧ ಟಿಕೆಟ್ಟಿನ ಲೆಕ್ಕ

ನಾನು ಚಿಕ್ಕವಳಿದ್ದಾಗ ತರೀಕೆರೆಯಿಂದ ಅಜ್ಜಂಪುರದ ಅಜ್ಜಿ ಮನೆಗೆ ರೈಲಿನಲ್ಲಿ ಹೋಗುವುದೆಂದರೆ ಬೀರೂರಿನಲ್ಲಿ ಇಳಿದು ಗಾಡಿ ಬದಲಾಯಿಸಬೇಕಿತ್ತು. ಟಿಕೆಟ್ ಕಿಂಡಿಯ ಮುಂದೆ ನಿಂತಾಗಲೆಲ್ಲ ಅಮ್ಮ ನನ್ನ ವಯಸ್ಸನ್ನು ಒಂದೆರಡು ವರ್ಷ ಇಳಿಸಿಬಿಡುತ್ತಿದ್ದಳು. ಕಡೂರಿನ ಚಿಕ್ಕಮ್ಮನಂತೂ ಕಾಲು ನೆಲಕ್ಕೆ ತಾಗುವಷ್ಟು ಬೆಳೆದ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು "ಕೂಸು" ಎಂದು ದಾಟಿಸುತ್ತಿದ್ದಳು. ಒಮ್ಮೆ ಕಿಂಡಿಯೊಳಗಿನ ಗುಮಾಸ್ತರು ತಲೆಯೆತ್ತಿ ನನ್ನನ್ನೇ ನೋಡಿ, "ಯಾವ ಕ್ಲಾಸು ಮರಿ?" ಎಂದರು. ನಾನು ಹೆಮ್ಮೆಯಿಂದ "ಏಳನೇ ಕ್ಲಾಸು" ಎಂದುಬಿಟ್ಟೆ. ಅಮ್ಮ ತುಟಿ ಕಚ್ಚಿಕೊಂಡು ಪೂರಾ ಟಿಕೆಟ್ಟಿನ ದುಡ್ಡು ಎಣಿಸಿದಳು. ಅದನ್ನು ನೆನೆದು ನಾವು ಎಷ್ಟೋ ವರ್ಷ ನಕ್ಕಿದ್ದೇವೆ.

ಆ ಅರ್ಧ ಟಿಕೆಟ್ ಬಹಳ ವರ್ಷಗಳ ಮೇಲೆ ಒಂದು ಚರಿತ್ರೆಯ ಪುಸ್ತಕದಲ್ಲಿ ಎದುರಾದಾಗ ಮಾತ್ರ ನಗು ಬರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಿಟ್ಲರನ ಆಡಳಿತ ಯುರೋಪಿನ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಯಾತನಾ ಶಿಬಿರಗಳಿಗೆ ಸಾಗಿಸಿತು. ಹೆಚ್ಚಾಗಿ ಬಳಸಿದ್ದು ದನ, ಸಾಮಾನು ಸಾಗಿಸುವ ಮುಚ್ಚಿದ ಡಬ್ಬಿಗಳನ್ನು. ಆದರೆ ಜರ್ಮನ್ ರೈಲ್ವೆ ಲೆಕ್ಕ ಹಾಕಿದ್ದು ಮೂರನೇ ದರ್ಜೆಯ ಪ್ರಯಾಣಿಕರ ದರವನ್ನು. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ, ನಾಲ್ಕರೊಳಗಿನವರಿಗೆ ಉಚಿತ. 400 ಜನರಿದ್ದರೆ ಗುಂಪಿನ ರಿಯಾಯಿತಿ. ಕಾವಲಿನವರಿಗೆ ಹೋಗಿಬರುವ ಟಿಕೆಟ್, ಒಳಗಿದ್ದವರಿಗೆ ಹೋಗುವುದಕ್ಕೆ ಮಾತ್ರ!

ಅಂಥ ರೈಲುಗಳು ತಲುಪುತ್ತಿದ್ದ ಜಾಗಗಳಲ್ಲಿ ದೊಡ್ಡದು ಜರ್ಮನಿ ವಶಪಡಿಸಿಕೊಂಡಿದ್ದ ಪೋಲೆಂಡಿನ ಆಶ್ವಿಟ್ಸ್. ಅದು ಒಂದೇ ಶಿಬಿರವಲ್ಲ. 1940ರಲ್ಲಿ ಪೋಲಿಷ್ ಕೈದಿಗಳಿಗೆಂದು ಮೊದಲ ಶಿಬಿರ ತೆರೆಯಿತು. ಮರುವರ್ಷ ಸ್ವಲ್ಪ ದೂರದಲ್ಲಿ ಬಿರ್ಕೆನಾವ್ ಶಿಬಿರದ ಕೆಲಸ ಆರಂಭವಾಯಿತು. ವಿಷಾನಿಲದ ದೊಡ್ಡ ಕೋಣೆಗಳು ಎದ್ದದ್ದು ಅಲ್ಲಿಯೇ. 1942ರಲ್ಲಿ ಕೃತಕ ರಬ್ಬರಿನ ಕಾರ್ಖಾನೆಗಾಗಿ ಮೊನೊವಿಟ್ಸ್ ಶಿಬಿರ ಬಂತು. ಇವುಗಳ ಸುತ್ತ ಗಣಿ, ಕಾರ್ಖಾನೆ, ಹೊಲಗಳ ಬಳಿ 40ಕ್ಕೂ ಹೆಚ್ಚು ಉಪಶಿಬಿರಗಳು. ನಡೆಸುತ್ತಿದ್ದದ್ದು ಎಸ್.ಎಸ್. ಪಡೆ. ನಮ್ಮ ತಾಲ್ಲೂಕು ಕಚೇರಿಯಲ್ಲಿರುವಂತೆ ಅಲ್ಲೂ ವಿಭಾಗಗಳು: ಕೈದಿಗಳ ದಾಖಲೆಗೊಂದು, ದುಡಿಮೆ ಹಂಚುವುದಕ್ಕೊಂದು, ಉಗ್ರಾಣಕ್ಕೊಂದು, ವೈದ್ಯರದೊಂದು. ಕೈದಿಗಳ ಮೇಲೆ ಕೈದಿಗಳನ್ನೇ ಮೇಸ್ತ್ರಿಗಳನ್ನಾಗಿ ನೇಮಿಸಿದ್ದರು. ಕಾರ್ಖಾನೆಯವರು ತಲೆಗಿಷ್ಟೆಂದು ಕೊಡುತ್ತಿದ್ದ ದಿನಗೂಲಿ ದುಡಿದವನಿಗಲ್ಲ, ಎಸ್.ಎಸ್.ಗೆ ಸೇರುತ್ತಿತ್ತು. ಬಂದವರ ಬಟ್ಟೆ, ಕನ್ನಡಕ, ಮಕ್ಕಳ ಚಪ್ಪಲಿಗಳನ್ನು ವಿಂಗಡಿಸಿ ಜೋಡಿಸುವುದಕ್ಕೂ ಒಂದು ವ್ಯವಸ್ಥೆಯಿತ್ತು. ಹೆಂಗಸರ ಕೂದಲನ್ನು ಕತ್ತರಿಸಿ ಗಿರಣಿಗಳಿಗೆ ಮಾರುತ್ತಿದ್ದರು. 1945ರ ಜನವರಿ 27ರಂದು ಸೋವಿಯತ್ ಸೈನಿಕರು ಒಳಹೊಕ್ಕಾಗ ಸುಮಾರು ಏಳು ಟನ್ ಕೂದಲು ಹಾಗೇ ಮೂಟೆಗಳಲ್ಲಿತ್ತು.

ಅಲ್ಲಿಗೆ ಒಯ್ದವರು ಸುಮಾರು 13 ಲಕ್ಷ ಮಂದಿ; ಸತ್ತವರು ಸುಮಾರು 11 ಲಕ್ಷ, ಬಹುಪಾಲು ಯಹೂದಿಗಳು. ಸಂಖ್ಯೆ ಕೊಟ್ಟು ದಾಖಲಿಸಿಕೊಂಡದ್ದು ಮಾತ್ರ ಸುಮಾರು 4 ಲಕ್ಷ ಜನರನ್ನು. ಮಿಕ್ಕವರಲ್ಲಿ ಹೆಚ್ಚಿನವರು, ಅದರಲ್ಲೂ ಮುದುಕರು, ಪುಟ್ಟ ಮಕ್ಕಳು, ಅವರ ಕೈಹಿಡಿದಿದ್ದ ತಾಯಂದಿರು, ರೈಲಿನಿಂದಿಳಿದು ನೇರವಾಗಿ ಸಾವಿಗೆ ನಡೆದರು. ಚಪ್ಪಲಿಗೆ ಲೆಕ್ಕವಿದ್ದ ಕಡೆ ಅವರ ಹೆಸರು ಯಾವ ಪುಸ್ತಕಕ್ಕೂ ಏರಲಿಲ್ಲ.

ಯುದ್ಧವೆಂದ ಮೇಲೆ ಇಂಥದೆಲ್ಲ ಇದ್ದದ್ದೇ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದೇ ವರ್ಷಗಳಲ್ಲಿ ನಮ್ಮ ಬೆಂಗಳೂರಿನ ಜಾಲಹಳ್ಳಿಯ ಕಡೆಯೂ ಶಿಬಿರಗಳಿದ್ದವು. ಉತ್ತರ ಆಫ್ರಿಕದಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕ ಇಟಲಿಯ ಸೈನಿಕರನ್ನು 1941ರಿಂದ ಇಲ್ಲಿಗೆ ಕರೆತಂದರು. ಅಲ್ಲೂ ಮುಳ್ಳುತಂತಿಯಿತ್ತು, ಕಾವಲಿತ್ತು, ಹಾಜರಿ ಪುಸ್ತಕವಿತ್ತು. ಬಂದವರು ಸೈನಿಕರು, ಸೆರೆ ಸೆರೆಯೇ, ನಿಜ. ಆದರೆ ಅವರಿಗೆ 1929ರ ಜಿನೀವಾ ಒಪ್ಪಂದದ ಆಸರೆಯಿತ್ತು. ಸಿಕ್ಕವನ ಹೆಸರನ್ನು ಅವನ ದೇಶಕ್ಕೆ ತಿಳಿಸಬೇಕು, ಮನೆಗೆ ಕಾಗದ ಬರೆಯಲು ಬಿಡಬೇಕು, ಹೊರಗಿನವರು ಬಂದು ಶಿಬಿರ ನೋಡಲು ಅವಕಾಶ ಕೊಡಬೇಕು ಎಂಬ ಕಟ್ಟಳೆ. ಇಟಲಿಯ ಯಾವುದೋ ಹಳ್ಳಿಯ ತಾಯಿಗೆ ಮಗ ಬೆಂಗಳೂರಿನಲ್ಲಿದ್ದಾನೆಂದು ತಿಳಿಯಲು ದಾರಿಯಿತ್ತು. ಯುದ್ಧ ಮುಗಿದ ಮೇಲೆ ಆ ಸೈನಿಕರು ಊರಿಗೆ ಮರಳಿದರು. ಮುಂದೆ ಜಾಲಹಳ್ಳಿಯಲ್ಲಿ ನಮ್ಮ ಕಾರ್ಖಾನೆಗಳು ಬಂದವು.

ಆಶ್ವಿಟ್ಸ್ ಎಂದರೆ ನಮ್ಮ ಕಣ್ಣಿಗೆ ಬರುವುದು ಬಂದೂಕು ಹಿಡಿದ ಕ್ರೂರಿಗಳು. ಅವರಿದ್ದರು. ಆದರೆ ಅವರಷ್ಟರಿಂದಲೇ ಅಂಥ ಊರು ನಡೆಯುವುದಿಲ್ಲ. ರೈಲಿನ ವೇಳಾಪಟ್ಟಿ ಬರೆಯುವವನು, ಬಿಲ್ಲು ಮಾಡುವವನು, ಕೂದಲಿನ ಮೂಟೆ ತೂಗಿ ರಸೀದಿ ಹರಿಯುವವನು ಎಲ್ಲರೂ ಬೇಕು. ಸಂಜೆ ಮನೆಗೆ ಹೋಗಿ ತಮ್ಮ ಮಕ್ಕಳನ್ನು ಎತ್ತಿಕೊಂಡವರೇ ಅವರು.

ಬೀರೂರಿನ ಗುಮಾಸ್ತರಿಗೆ ಆ ದಿನ ನನ್ನ ವಯಸ್ಸಿನ ಅನುಮಾನ ಬಂತು. ಹಾಗಾಗಿ ತಲೆಯೆತ್ತಿ ನೋಡಿದರು, ಕೇಳಿದರು. ಅಲ್ಲಿ ಅರ್ಧ ಟಿಕೆಟ್ಟಿನ ಮಕ್ಕಳನ್ನು ಕೂಡಿ ಕಳೆದು ಬರೆದವನು ಒಮ್ಮೆ ಕೇಳಬಹುದಿತ್ತಲ್ಲ, ಇಷ್ಟು ಮಕ್ಕಳಿಗೆ ಹಿಂದಿರುಗುವ ಟಿಕೆಟ್ ಯಾಕಿಲ್ಲ ಎಂದು.