ನೀಲಿ ಹಾಕಿದ ಬಿಳಿ

ಹೋದ ಸಲ ಊರಿಗೆ ಹೋಗುವಾಗ ಒಂದು ಯುವಿ ಟಾರ್ಚ್ ತಗೊಂಡು ಹೋಗಿದ್ದೆ. ಚೇಳು ಹುಡುಕೋಕೆ. ನೇರಳಾತೀತ ಬೆಳಕು ಬಿದ್ದರೆ ಚೇಳಿನ ಮೈ ಹಸಿರು ಹಸಿರಾಗಿ ಹೊಳೆಯುತ್ತೆ. ಅರಸೀಕೆರೆ ಕಡೆಯ ನಮ್ಮ ಮನೆಯ ಹಿತ್ತಲಲ್ಲಿ ತೆಂಗಿನ ಮಟ್ಟೆ ರಾಶಿ ಯಾವಾಗಲೂ ಇರುತ್ತೆ, ಚೇಳಿಗೂ ಬರವಿಲ್ಲ. ಆದರೆ ಆ ರಾತ್ರಿ ದೀಪ ಆರಿಸಿ ಟಾರ್ಚ್ ಹಾಕಿದಾಗ ಮೊದಲು ಹೊಳೆದದ್ದು ಚೇಳಲ್ಲ, ನನ್ನ ಬನಿಯನ್ನು. ತಂತಿ ಮೇಲೆ ಒಣಗಲು ಹಾಕಿದ್ದ ನನ್ನ ಆಫೀಸ್ ಅಂಗಿಯಂತೂ ಟ್ಯೂಬ್‌ಲೈಟ್ ಥರ ಉರೀತಿತ್ತು. ಚೇಳಿನ ಕೆಲಸ ಬಿಟ್ಟು ಒಳಗೆ ಬಂದು ಸಿಕ್ಕ ಬಟ್ಟೆಗೆಲ್ಲ ಟಾರ್ಚ್ ಬಿಟ್ಟೆ. ಟ್ರಂಕಿನಲ್ಲಿ ಬೇವಿನ ಸೊಪ್ಪಿನ ಜೊತೆ ಮಡಿಸಿಟ್ಟಿದ್ದ ಅಜ್ಜನ ಖಾದಿ ಪಂಚೆ ಮಾತ್ರ ಹೊಳೆಯಲೇ ಇಲ್ಲ. ಕತ್ತಲಲ್ಲಿ ಅದು ಕತ್ತಲ ಹಾಗೇ ಇತ್ತು.

ಬೆಳಿಗ್ಗೆ ಎರಡನ್ನೂ ಬಿಸಿಲಿಗೆ ಹಿಡಿದು ನೋಡಿದೆ. ಪಂಚೆ ಕೆನೆ ಬಣ್ಣ, ಅಂಗಿ ಬೆಳ್ಳಗೆ. ಅಂಗಿಯೇ ಹೆಚ್ಚು ಶುಭ್ರ ಅಂತ ಯಾರಾದರೂ ಹೇಳುತ್ತಾರೆ. ಆದರೆ ಪಂಚೆಯಲ್ಲಿ ಒಂದು ಚೂರು ಕೊಳೆ ಇಲ್ಲ. ಹಾಗಾದರೆ ಈ ‘ಬಿಳಿ’ ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ಅಂಗಡಿ ಗಾಜಿನ ಬಾಟಲಿಗಳ ಹಿಂದೆ ಇರುತ್ತಿದ್ದ ಒಂದು ಸಣ್ಣ ನೀಲಿ ಪೊಟ್ಟಣದ ಹತ್ತಿರ ಬಂದು ನಿಲ್ಲುತ್ತೇವೆ.

ಶನಿವಾರ ಸ್ಕೂಲಿಗೆ ಬಿಳಿ ಅಂಗಿ ಹಾಕಿಕೊಂಡು ಹೋದವರಿಗೆಲ್ಲ ಈ ಪೊಟ್ಟಣ ಗೊತ್ತಿರುತ್ತೆ. ಅಮ್ಮ ನೀಲಿ ಪುಡಿಯನ್ನು ಹಳೇ ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ, ಬಕೆಟ್ ನೀರಿನಲ್ಲಿ ಅಲ್ಲಾಡಿಸಿ, ಅಂಗೈಯಲ್ಲಿ ಒಂದಿಷ್ಟು ನೀರೆತ್ತಿ ಬಣ್ಣ ನೋಡುತ್ತಿದ್ದಳು. ಅಂಗೈ ಗೆರೆ ಕಾಣಬೇಕು, ಆದರೆ ನೀರು ನೀಲಿ ಅಂತಲೂ ಗೊತ್ತಾಗಬೇಕು. ಅಷ್ಟಾದಮೇಲೆ ಅಂಗಿ ಅದ್ದಿ, ತಕ್ಷಣ ತೆಗೆದು, ಹಿಂಡಿ, ಬಿಸಿಲಿಗೆ. ಇದು ನೋಡೋಕೆ ಸುಲಭ. ನಾನು ಹಾಸ್ಟೆಲಲ್ಲಿ ಕ್ಯಾಂಪಸ್ ಇಂಟರ್‌ವ್ಯೂ ಹಿಂದಿನ ದಿನ ಇದ್ದ ಒಂದೇ ಬಿಳಿ ಅಂಗಿಗೆ ಗಂಟೂ ಕಟ್ಟದೆ ಪುಡಿಯನ್ನು ನೇರವಾಗಿ ಬಕೆಟ್‌ಗೆ ಸುರಿದೆ. ಎದೆಯ ಮೇಲೆ ಕೆರೆ, ಬೆನ್ನ ಮೇಲೆ ಹೊಳೆ, ಪೂರ್ತಿ ಭೂಪಟ. ರೂಮ್‌ಮೇಟ್ ಅಂಗಿ ಹಾಕಿಕೊಂಡು ಹೋಗಿ ಕೂತೆ. ಭುಜ ಮೊಣಕೈಗೆ ಬರೋ ಅಷ್ಟು ದೊಗಳೆ. ‘ಹಳ್ಳಿ ಹುಡುಗರಿಗೆ ಬಟ್ಟೆ ಒಗೆಯೋಕೂ ಬರಲ್ಲ’ ಅಂತ ಕಾರಿಡಾರ್‌ನಲ್ಲಿ ಯಾರೋ ನಕ್ಕರು. ಕೆಲಸ ಸಿಕ್ಕಿತು, ಆ ಮಾತು ಇನ್ನೂ ಹೋಗಿಲ್ಲ.

ಕಲೆಯಾದ ಅಂಗಿಯನ್ನು ಊರಿಗೆ ತಗೊಂಡು ಹೋದಾಗ ಅಮ್ಮ ಬೈಯಲಿಲ್ಲ. ನಿಂಬೆಹಣ್ಣಿನ ಹೋಳು ತಂದು ಕಲೆಗಳ ಮೇಲೆ ಉಜ್ಜಿ ಇಟ್ಟಳು. ನಿಧಾನಕ್ಕೆ ನೀಲಿ ಕರಗಿತು. ಹತ್ತಿರ ಮೂಗಿಟ್ಟರೆ ಚೂರು ಕೊಳೆತ ಮೊಟ್ಟೆ ವಾಸನೆ. ಆವತ್ತು ನಿಂಬೆಹಣ್ಣೇ ಕೆಟ್ಟಿದೆ ಅಂದುಕೊಂಡೆ. ಆ ವಾಸನೆಯ ಕಥೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಮೊದಲು, ಬಿಳಿಗೆ ನೀಲಿ ಯಾಕೆ? ಹತ್ತಿ ಬಟ್ಟೆ ಹಳೆಯದಾದಂತೆ ಹಳದಿಗೆ ತಿರುಗುತ್ತೆ. ಅಂದರೆ ಬೆಳಕಿನಲ್ಲಿರುವ ನೀಲಿಯನ್ನು ಅದು ನುಂಗಿಕೊಳ್ಳುತ್ತೆ, ವಾಪಸ್ ಬರುವ ಬೆಳಕಿನಲ್ಲಿ ಹಳದಿ ಹೆಚ್ಚಾಗಿ ಕಾಣುತ್ತೆ. ಒಂದಿಷ್ಟು ನೀಲಿ ಬಣ್ಣ ಹಾಕಿದರೆ ಅದು ಆ ಹಳದಿಯನ್ನು ನುಂಗುತ್ತೆ. ಲೆಕ್ಕ ಸರಿಹೋಯಿತು. ಆದರೆ ಗಮನಿಸಿ, ಬಟ್ಟೆಯಿಂದ ಬರುವ ಬೆಳಕು ಒಟ್ಟಾರೆ ಮೊದಲಿಗಿಂತ ಕಡಿಮೆಯೇ ಆಗಿದೆ. ಬಟ್ಟೆ ನಿಜವಾಗಿ ಸ್ವಲ್ಪ ಕಪ್ಪಾಗಿದೆ, ನಮ್ಮ ಕಣ್ಣಿಗೆ ಬೆಳ್ಳಗೆ ಕಾಣುತ್ತಿದೆ. ಬಗ್ ಸರಿಮಾಡದೆ ಅದರ ಮೇಲೊಂದು ಪ್ಯಾಚ್ ಹಾಕಿ ರಿಲೀಸ್ ಮಾಡೋದು ನಮ್ಮ ಫೀಲ್ಡಿನವರು ಕಂಡುಹಿಡಿದದ್ದಲ್ಲ ಬಿಡಿ.

ಕೊಳೆ ತೆಗೆಯುವ ಕೆಲಸ ಇದಕ್ಕಿಂತ ಬೇರೆ, ತುಂಬಾ ಹಳೆಯದು. ಮಡಿವಾಳರು ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ನೆನೆಸಿ ಉಬ್ಬೆಗೆ ಹಾಕುತ್ತಿದ್ದರು. ಚೌಳಿನಲ್ಲಿರುವ ಸೋಡಾ ಕ್ಷಾರ, ಕೆಳಗಿನ ಒಲೆಯಿಂದ ಬರುವ ಹಬೆ, ಎರಡೂ ಸೇರಿ ಜಿಡ್ಡನ್ನು ಬಿಡಿಸುತ್ತವೆ. ಆಮೇಲೆ ಕೆರೆಯ ಕಲ್ಲು, ಆಮೇಲೆ ಬಿಸಿಲು. ರೇಷ್ಮೆಗೆ, ಒಡವೆಗೆ ಅಂಟುವಾಳ. ಇವತ್ತು ಬೆಂಗಳೂರಿನ ಅಂಗಡಿಗಳಲ್ಲಿ ‘ನೈಸರ್ಗಿಕ’ ಅಂತ ಬಾಟಲಿಯಲ್ಲಿ ಮಾರುವ ಅದೇ ಕಾಯಿ. ಅದರ ಸಸ್ಯಶಾಸ್ತ್ರದ ಹೆಸರು ಸಪಿಂಡಸ್, ಅಂದರೆ ‘ಭಾರತದ ಸೋಪು’. ಯಾವ ಮನೆಯ ಬಟ್ಟೆ ಯಾವುದು ಅಂತ ಗೊತ್ತಾಗಲು ಕರಿಗೇರಿನ ಕಾಯಿಯ ರಸದಿಂದ ಮೂಲೆಯಲ್ಲೊಂದು ಗುರುತು. ಎಷ್ಟು ಒಗೆದರೂ ಹೋಗಲ್ಲ, ಮೈಗೆ ತಾಗಿದರೆ ಬೊಬ್ಬೆ ಬರುತ್ತೆ.

ನಮ್ಮ ಕಡೆ ಬಟ್ಟೆ ಒಗೆಯೋದಕ್ಕೆ ‘ಮಡಿ ಮಾಡೋದು’ ಅಂತಲೂ ಹೇಳ್ತಾರೆ. ಅದೇ ಮಡಿ, ಅಡುಗೆಮನೆ ದೇವರಮನೆಯ ಮಡಿ. ಊರಿಗೆಲ್ಲ ಮಡಿ ಮಾಡಿಕೊಟ್ಟವರನ್ನು ಹೊಸ್ತಿಲ ಆಚೆಯೇ ನಿಲ್ಲಿಸಿ ಗಂಟು ಕೊಡುತ್ತಿದ್ದದ್ದನ್ನು ನಾನೇ ನೋಡಿದ್ದೀನಿ, ನಮ್ಮ ಮನೆಯಲ್ಲೇ. 12ನೇ ಶತಮಾನದಲ್ಲಿ ಶರಣರ ಬಟ್ಟೆ ಒಗೆಯುತ್ತಿದ್ದ ಮಡಿವಾಳ ಮಾಚಿದೇವನನ್ನು ವಚನಕಾರರ ಸಾಲಿನಲ್ಲಿ ನೆನೆಯುವ ನಾಡು ಇದು. ಅಜ್ಜನ ಪಂಚೆ ಕೊಳೆಯಿಲ್ಲದೆ ಹೀಗೆ ಉಳಿದಿದ್ದರೆ ಅದು ಹೊಸ್ತಿಲ ಆಚೆ ನಿಂತವರ ಕೈಕೆಲಸ. ನೀಲಿ ಪೊಟ್ಟಣ ಅದರ ಮುಂದೆ ಏನೂ ಅಲ್ಲ.

ಏನೂ ಅಲ್ಲದ ಈ ಪೊಟ್ಟಣದ ಹಿಂದಿನ ಚರಿತ್ರೆ ಮಾತ್ರ ಭಾರಿಯದು. ಬಟ್ಟೆಗೆ ಹಾಕುವ ನೀಲಿ ಮೊದಮೊದಲು ಗಿಡದ ನೀಲಿ. ಇಂಗ್ಲಿಷಿನ ಇಂಡಿಗೋ ಎಂಬ ಪದದಲ್ಲೇ ಇಂಡಿಯಾ ಇದೆ. ನಮ್ಮಲ್ಲಿ ಈ ಬಣ್ಣ ಕಟ್ಟುವವರನ್ನು ನೀಲಗಾರರು ಅನ್ನುತ್ತಿದ್ದರು. (ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ಬೇರೆ, ಗೊಂದಲ ಬೇಡ.) ಬಂಗಾಳದಲ್ಲಿ ಬ್ರಿಟಿಷ್ ತೋಟಗಾರರು ಮುಂಗಡ ಕೊಟ್ಟು, ಸಾಲದಲ್ಲಿ ಸಿಕ್ಕಿಸಿ, ಭತ್ತ ಬೆಳೆಯುವ ನೆಲದಲ್ಲಿ ರೈತರಿಂದ ಬಲವಂತವಾಗಿ ನೀಲಿ ಬೆಳೆಸಿದರು. 1859ರಲ್ಲಿ ರೈತರು ಬಿತ್ತೋದಿಲ್ಲ ಅಂತ ತಿರುಗಿಬಿದ್ದರು. ಮರುವರ್ಷ ದೀನಬಂಧು ಮಿತ್ರರ ‘ನೀಲದರ್ಪಣ’ ನಾಟಕ ಪ್ರಕಟವಾಯಿತು. ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದ ತಪ್ಪಿಗೆ ಜೇಮ್ಸ್ ಲಾಂಗ್ ಎಂಬ ಪಾದ್ರಿಗೆ 1861ರಲ್ಲಿ ಒಂದು ತಿಂಗಳು ಜೈಲು, ಸಾವಿರ ರೂಪಾಯಿ ದಂಡ. ದಂಡವನ್ನು ಕಟ್ಟಿದವರು ಕಾಳಿಪ್ರಸನ್ನ ಸಿಂಹ.

1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು, ಗಿಡದ ನೀಲಿಯ ಬೆಲೆ ಬಿತ್ತು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಯ ಮಾಲು ನಿಂತಾಗ ಗಿಡದ ನೀಲಿಗೆ ಮತ್ತೆ ಸ್ವಲ್ಪ ಜೀವ. ಗಾಂಧೀಜಿ ಚಂಪಾರಣಕ್ಕೆ ಹೋದದ್ದು 1917ರಲ್ಲಿ. ಅಲ್ಲಿ ಒಂದು ಬಿಘಾದ 20 ಕಟ್ಠಾದಲ್ಲಿ 3 ಕಟ್ಠಾ ನೀಲಿ ಬೆಳೆಯಲೇಬೇಕೆಂಬ ಕಟ್ಟಳೆ ಇತ್ತು. ಅದೇ ಯುದ್ಧ ಮೈಸೂರಿಗೆ ಬೇರೆ ಥರ ತಟ್ಟಿತು. ಯುರೋಪಿಗೆ ಹೋಗುತ್ತಿದ್ದ ನಮ್ಮ ಗಂಧದ ಮರ ಗೋದಾಮಿನಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ ಇಬ್ಬರೂ ಮನಸ್ಸು ಮಾಡಿ, ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನ ವಿಜ್ಞಾನಿಗಳಾದ ಸಡ್‌ಬರೊ, ವಾಟ್ಸನ್ ಅವರ ನೆರವಿನಿಂದ 1916ರಲ್ಲಿ ಇಲ್ಲೇ ಗಂಧದೆಣ್ಣೆ ಇಳಿಸಲು ಶುರುಮಾಡಿದರು. ಮೈಸೂರ್ ಸ್ಯಾಂಡಲ್ ಸೋಪು ಅದರ ಮಗು. ಒಂದೇ ಯುದ್ಧದಿಂದ ಚಂಪಾರಣಕ್ಕೆ ಆದದ್ದು ಒಂದು, ನಮ್ಮ ಬಚ್ಚಲಿಗೆ ಆದದ್ದು ಇನ್ನೊಂದು.

ಆದರೆ ಅಮ್ಮನ ಗಂಟಿನಲ್ಲಿದ್ದದ್ದು ಗಿಡದ ನೀಲಿ ಅಲ್ಲವೇ ಅಲ್ಲ. ಅದು ಅಲ್ಟ್ರಾಮರೀನ್. ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟದ ಲಾಜವರ್ದ ಕಲ್ಲನ್ನು ಅರೆದು ಮಾಡುತ್ತಿದ್ದ ಬಣ್ಣ. ‘ಕಡಲಾಚೆಯದು’ ಅಂತಲೇ ಆ ಹೆಸರಿನ ಅರ್ಥ. ಯುರೋಪಿನ ಚಿತ್ರಕಾರರು ಮೇರಿ ಮಾತೆಯ ಮೇಲ್ಹೊದಿಕೆಗೆ ಅಂತ ಎತ್ತಿಟ್ಟುಕೊಳ್ಳುವಷ್ಟು ದುಬಾರಿ. ಇದನ್ನು ಅಗ್ಗವಾಗಿ ಕೃತಕವಾಗಿ ಮಾಡಿದವರಿಗೆ 6000 ಫ್ರಾಂಕ್ ಬಹುಮಾನ ಅಂತ ಫ್ರಾನ್ಸಿನ ಸಂಸ್ಥೆಯೊಂದು 1824ರಲ್ಲಿ ಘೋಷಿಸಿತು. 1828ರಲ್ಲಿ ಗಿಮೆ ಎಂಬಾತ ಗೆದ್ದ. ಅದೇ ವರ್ಷ ಜರ್ಮನಿಯ ಗ್ಮೆಲಿನ್ ಕೂಡ ಮಾಡಿ ತೋರಿಸಿದ, ಯಾರು ಮೊದಲು ಅಂತ ಜಗಳ ಆಯಿತು. ವಿಧಾನ ಕೇಳಿದರೆ ನಗು ಬರುತ್ತೆ. ಬಿಳಿ ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲು, ಇಷ್ಟನ್ನು ಸೇರಿಸಿ ಚೆನ್ನಾಗಿ ಸುಡೋದು. ರಾಜರ ಬಣ್ಣ ಕೆಲವೇ ದಶಕಗಳಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಂತು. ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ 1840ರಲ್ಲಿ ಗಂಜಿ ಪುಡಿ ಮಾಡಲು ಶುರುಮಾಡಿದ ರೆಕಿಟ್ ಮನೆತನ ಮುಂದೆ ಬಟ್ಟೆಯ ನೀಲಿಯನ್ನೂ ಮಾಡಿ ದೇಶ ದೇಶಕ್ಕೆ ಕಳಿಸಿತು. ನಮ್ಮ ಅಂಗಡಿಗಳ ರಾಬಿನ್ ಬ್ಲೂ ಅದೇ ಮನೆತನದ್ದು.

ಇದರ ಗುಣ ಗೊತ್ತಾದರೆ ಅಮ್ಮನ ಗಂಟೂ ಅರ್ಥವಾಗುತ್ತೆ. ಇದು ನೀರಲ್ಲಿ ಕರಗಲ್ಲ, ತೇಲುತ್ತೆ ಅಷ್ಟೆ. ಬಿಟ್ಟರೆ ತಳ ಸೇರುತ್ತೆ. ನೇರವಾಗಿ ಸುರಿದರೆ ನನ್ನ ಅಂಗಿಯ ಭೂಪಟ ಆಗುತ್ತೆ. ಇದರ ನೀಲಿಯೆಲ್ಲ ಒಳಗೆ ಸಿಕ್ಕಿಕೊಂಡ ಗಂಧಕದ್ದು. ಹುಳಿ ತಾಗಿದರೆ ಹರಳು ಒಡೆದು ಬಣ್ಣ ಹೋಗಿ ಹೈಡ್ರೋಜನ್ ಸಲ್ಫೈಡ್ ಹೊರಗೆ ಬರುತ್ತೆ. ಕೊಳೆತ ಮೊಟ್ಟೆ ವಾಸನೆ! ಆದರೆ ಕ್ಷಾರಕ್ಕೆ ಇದು ಜಗ್ಗಲ್ಲ. ಅದಕ್ಕೇ ಸುಣ್ಣದಲ್ಲಿ ನಿಲ್ಲುತ್ತೆ. ಯುಗಾದಿಗೆ ಗೋಡೆಗೆ ಸುಣ್ಣ ಬಳಿಯುವಾಗ ಅಪ್ಪ ಅದೇ ಪೊಟ್ಟಣದಿಂದ ಒಂದು ಚಿಟಿಕೆ ಬೆರೆಸುತ್ತಿದ್ದರು, ಗೋಡೆ ಬೆಳ್ಳಗೆ ಕಾಣಲಿ ಅಂತ. ಕೈ ಸ್ವಲ್ಪ ಮುಂದಾದರೆ ಗೋಡೆ ಆಕಾಶ ನೀಲಿ. ಅದೂ ಚಂದವೇ. ನಮ್ಮೂರಲ್ಲಿ ಅರ್ಧ ಮನೆಗಳು ಹಾಗೇ ಇದ್ದವು. ಬಟ್ಟೆಗೊಂದು, ಗೋಡೆಗೊಂದು ಅಂತ ಬೇರೆ ಬೇರೆ ತರುವ ಶಕ್ತಿ ಯಾರಿಗಿತ್ತು?

ಕಲೆಯ ಸಮಸ್ಯೆಗೆ ಉತ್ತರ ಬಂದದ್ದು ಕೇರಳದಿಂದ. 1983ರಲ್ಲಿ ತ್ರಿಶೂರಿನಲ್ಲಿ ಎಂ.ಪಿ. ರಾಮಚಂದ್ರನ್ ನೀರಲ್ಲಿ ಪೂರ್ತಿ ಕರಗುವ ನೇರಳೆ ಬಣ್ಣದ ದ್ರವ ಮಾಡಿ ಉಜಾಲಾ ಅಂತ ಹೆಸರಿಟ್ಟರು. ಮಗಳು ಜ್ಯೋತಿಯ ಹೆಸರಿನ ಕಂಪನಿ, ಸಾಲ ಮಾಡಿದ ಐದು ಸಾವಿರದ ಬಂಡವಾಳ. ತಳ ಸೇರುವ ಪುಡಿ ಇಲ್ಲ, ಗಂಟು ಕಟ್ಟುವ ತಾಪತ್ರಯ ಇಲ್ಲ. ಹಾಸ್ಟೆಲ್ ಹುಡುಗರ ಮಾನ ಉಳಿಸಿದ್ದರಲ್ಲಿ ಅದರದ್ದೂ ಪಾಲಿದೆ. ನಾನೇ ದುಡ್ಡು ಉಳಿಸೋಕೆ ಹೋಗಿ ಪುಡಿ ತಂದಿದ್ದೆ.

ಇನ್ನು ನನ್ನ ಟಾರ್ಚಿನ ವಿಷಯ. 1929ರಲ್ಲಿ ಪಾಲ್ ಕ್ರೈಸ್ ಎಂಬ ಜರ್ಮನ್ ವಿಜ್ಞಾನಿ ಕುದುರೆ ಚೆಸ್ಟ್‌ನಟ್ ಮರದ ಸಾರದಲ್ಲಿ ಬಟ್ಟೆ ಅದ್ದಿದರೆ ಅದು ಹೆಚ್ಚು ಬೆಳ್ಳಗೆ ಕಾಣುತ್ತೆ ಅಂತ ಗುರುತಿಸಿದ. ಆ ಸಾರದಲ್ಲಿರುವ ವಸ್ತು ಬಿಸಿಲಿನ ನೇರಳಾತೀತ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಹೊರಗೆ ಬಿಡುತ್ತೆ. ಮುಂದೆ ಇದರ ಕೃತಕ ರೂಪಗಳು ಬಂದು ಡಿಟರ್ಜೆಂಟ್ ಪುಡಿಯೊಳಗೇ ಸೇರಿಕೊಂಡವು. ನೀಲಿ ಪುಡಿ ಬೆಳಕನ್ನು ಕಳೆದು ಲೆಕ್ಕ ಸರಿಮಾಡಿದರೆ, ಇದು ಕೂಡಿಸಿ ಸರಿಮಾಡುತ್ತೆ. ಇದೂ ಕೊಳೆ ತೆಗೆಯಲ್ಲ. ತೊಳೆದ ಮೇಲೂ ಬಟ್ಟೆಯಲ್ಲೇ ಉಳಿಯೋದು ಇದರ ಕೆಲಸ. ಅದಕ್ಕೇ ನನ್ನ ಅಂಗಿ ಕತ್ತಲಲ್ಲಿ ಉರಿಯಿತು, ಇಂಥ ಪುಡಿ ಕಾಣದ ಪಂಚೆ ಸುಮ್ಮನಿತ್ತು.

ಈಗ ನಮ್ಮ ಫ್ಲ್ಯಾಟಿನಲ್ಲಿ ಬಿಳಿ ಅಂಗಿಯೇ ಕಡಿಮೆ. ಶುಭ್ರ ಅಂತ ತೋರಿಸುವ ಕೆಲಸ ಕಣ್ಣಿಂದ ಮೂಗಿಗೆ ಬಂದಿದೆ. ಫ್ಯಾಬ್ರಿಕ್ ಕಂಡಿಷನರ್‌ಗಳಲ್ಲಿ ಪರಿಮಳವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಲ್ಲಿ ತುಂಬಿರುತ್ತಾರೆ. ಬಟ್ಟೆ ಉಜ್ಜಿದಂತೆಲ್ಲ ಗುಳಿಗೆ ಒಡೆದು ವಾಸನೆ ಬರುತ್ತೆ. ನಾನೂ ಮೂರ್ನಾಲ್ಕು ತಂದು ನೋಡಿದೆ. ಒಂದು ವಾರ ಜಿಮ್ಮಿನ ಬಟ್ಟೆಯನ್ನು ಡಿಟರ್ಜೆಂಟ್ ಇಲ್ಲದೆ ಬರೀ ಕಂಡಿಷನರ್‌ನಲ್ಲಿ ಅದ್ದಿ ಒಣಗಿಸಿ ಹೆಂಡತಿಗೆ ಕೊಟ್ಟೆ. ‘ಇವತ್ತು ಚೆನ್ನಾಗಿ ಒಗ್ದಿದ್ದೀಯ’ ಅಂದಳು. ನಿಜ ಹೇಳಿದಮೇಲೆ ಏನಂದಳು ಅನ್ನೋದು ಇಲ್ಲಿ ಬೇಡ.

ಊರಲ್ಲಿ ಆ ರಾತ್ರಿ ಅಮ್ಮನನ್ನೂ ಕರೆದು ಕತ್ತಲಲ್ಲಿ ಅಂಗಿ, ಪಂಚೆ ಎರಡನ್ನೂ ತೋರಿಸಿದ್ದೆ. ಒಂದು ಹೊಳೆಯುತ್ತೆ, ಒಂದು ಹೊಳೆಯಲ್ಲ, ನೋಡು ಅಂದೆ. ಅವಳು ಪಂಚೆಯನ್ನು ಕೈಗೆ ತಗೊಂಡು ಮೂಲೆ ಹುಡುಕಿದಳು. ‘ದೀಪ ಹಾಕಪ್ಪ, ಗುರುತು ಕಾಣ್ತಿಲ್ಲ’ ಅಂದಳು. ದೀಪ ಹಾಕಿದೆ. ಮೂಲೆಯಲ್ಲಿ ಎರಡು ಚುಕ್ಕೆ, ಒಂದು ಗೆರೆ, ಕರ್ರಗೆ, ಹಾಕಿದ ದಿನ ಇದ್ದ ಹಾಗೇ. ನಮ್ಮ ಮನೆಯ ಗುರುತು ಅದು. ಹಾಕಿದವರ ಹೆಸರು ಕೇಳಿದೆ. ಅಮ್ಮನಿಗೆ ನೆನಪಾಗಲಿಲ್ಲ.