ಜಿಯಾನ್ 7400 ಮತ್ತು ಲ್ಯಾಪ್‌ಟಾಪ್ ಪ್ರೊಸೆಸರ್: ಒಂದು ತೌಲನಿಕ ವಿಚಾರ

ಕಡೂರು ಸೀಮೆಯ ಶಾಸನಗಳನ್ನು ಅಭ್ಯಸಿಸುವವರು ಮೊದಲು ತೆರೆಯುವುದು ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವನ್ನು. ಆ ಪಾಠಗಳನ್ನೂ ಕಲ್ಲುಗಳ ಛಾಯಾಚಿತ್ರಗಳನ್ನೂ ಗಣಕಯಂತ್ರದಲ್ಲಿ ಕೂಡಿಡಲು ಹೊರಟ ಅಧ್ಯಾಪಕನಿಗೆ ಒಂದು ಪ್ರಶ್ನೆ ಎದುರಾಗುತ್ತದೆ. ದೊಡ್ಡ ಸಂಸ್ಥೆಗಳು ಬಳಸಿ ಬಿಟ್ಟ ಹಳೆಯ ಸರ್ವರ್ ಲೇಸೋ, ಹೊಸ ಲ್ಯಾಪ್‌ಟಾಪ್ ಲೇಸೋ? ಇದನ್ನು ಯಂತ್ರಶಾಸ್ತ್ರದವರಿಗೇ ಬಿಟ್ಟುಬಿಡಬಹುದಿತ್ತು. ಆದರೆ ಎರಡು ಕಾಲಗಳ ವಸ್ತುಗಳನ್ನು ಯಾವ ಅಳತೆಯಿಂದ ಹೋಲಿಸಬೇಕೆಂಬುದು ಇತಿಹಾಸಕಾರನ ಪ್ರಶ್ನೆಯೂ ಹೌದು.

ನಿದರ್ಶನಕ್ಕೆ ನಮ್ಮ ರಾಜ್ಯದ ಚರಿತ್ರೆಗೇ ಸೇರಿದ ಒಂದು ಪ್ರೊಸೆಸರನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ವೈಟ್‌ಫೀಲ್ಡಿನ ಹೆಸರನ್ನೇ ಇಟ್ಟು ಇಂಟೆಲ್ ಸಂಸ್ಥೆಯು ಅಲ್ಲಿ ಆರಂಭಿಸಿದ್ದ ಒಂದು ಸರ್ವರ್ ಚಿಪ್ಪಿನ ಯೋಜನೆ 2005ರಲ್ಲಿ ಕೈಬಿಟ್ಟುಹೋಯಿತು. ತರುವಾಯ ಬೆಂಗಳೂರಿನ ತಂಡ ರೂಪಿಸಿದ ಜಿಯಾನ್ 7400 ಶ್ರೇಣಿಯು 2008ರ ಸೆಪ್ಟೆಂಬರಿನಲ್ಲಿ ಹೊರಬಂದಿತು. ಒಂದೇ ಚಿಪ್ಪಿನಲ್ಲಿ ಆರು ಕೋರ್, ಸುಮಾರು 190 ಕೋಟಿ ಟ್ರಾನ್ಸಿಸ್ಟರ್, 45 ನ್ಯಾನೋಮೀಟರ್ ತಂತ್ರ. ಇದು ಭಾರತದಲ್ಲಿಯೇ ವಿನ್ಯಾಸಗೊಂಡುದೆಂಬ ಹೆಮ್ಮೆ ನ್ಯಾಯವಾದುದೇ. ಆದರೂ ಇದರೊಳಗಿನ ‘ಪೆನ್ರಿನ್’ ವರ್ಗದ ಕೋರ್‌ಗಳು 2007ರಲ್ಲಿಯೇ ಮಾರುಕಟ್ಟೆಗೆ ಬಂದಿದ್ದುವೆಂಬುದನ್ನು ಮರೆಯಲಾಗದು. ಅಂಥ ಮೂರು ಜೋಡಿಗಳನ್ನು 16 ಮೆಗಾಬೈಟುಗಳ ಸಮಾನ ಸಂಗ್ರಹದೊಡನೆ ಒಂದುಗೂಡಿಸಿ, ಹಲವು ಚಿಪ್ಪುಗಳು ಒಟ್ಟಿಗೆ ದುಡಿಯುವಂತೆ ಮಾಡಿದುದು ಇಲ್ಲಿಯ ಸಾಧನೆ.

ಈ ಶ್ರೇಣಿಯ ಎಕ್ಸ್7460 ಚಿಪ್ಪಿನ ವೇಗ 2.66 ಗಿಗಾಹರ್ಟ್ಸ್, ಉಷ್ಣಮಿತಿ 130 ವ್ಯಾಟ್. 2020ರಲ್ಲಿ ಬಂದ ಲ್ಯಾಪ್‌ಟಾಪ್ ಪ್ರೊಸೆಸರ್ ಕೋರ್ ಐ7-1165ಜಿ7ರಲ್ಲಿ ಇರುವುದು ನಾಲ್ಕೇ ಕೋರ್. ಆದರೆ ವೇಗ 4.7 ಗಿಗಾಹರ್ಟ್ಸ್‌ವರೆಗೆ ಏರುತ್ತದೆ, ಉಷ್ಣಮಿತಿ 28 ವ್ಯಾಟ್. ಪ್ರತಿ ಸ್ಪಂದನದಲ್ಲಿ ಮಾಡುವ ಕೆಲಸವೂ ಹೆಚ್ಚು. ಆದಕಾರಣ ಒಬ್ಬನೇ ಕುಳಿತು ಒಂದು ಶಾಸನದ ಚಿತ್ರವನ್ನು ತಿದ್ದುವಾಗ ಹಳೆಯದು ಹಿಂದೆ ಬೀಳುವುದು ನಿಶ್ಚಯ. ನಾಲ್ಕು ಚಿಪ್ಪುಗಳ ಸರ್ವರಿನಲ್ಲಿ 24 ಕೋರ್‌ಗಳಿದ್ದು, ಅನೇಕರ ಕೆಲಸ ಏಕಕಾಲಕ್ಕೆ ಬಂದಾಗ ಲೆಕ್ಕ ಇಷ್ಟು ಸುಲಭವಾಗುವುದಿಲ್ಲ.

ಅಜ್ಜಂಪುರದವರಿಗೆ ಈ ಮಾತು ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತು. ಅದರ ಎತ್ತುಗಳು ಸೈನ್ಯದ ಫಿರಂಗಿ, ಸರಂಜಾಮುಗಳನ್ನು ತ್ವರೆಯಿಂದ ಸಾಗಿಸಲು ಹೆಸರಾದುವು. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದ ಮಾತ್ರಕ್ಕೆ ಆ ತಳಿಯನ್ನು ಹಾಲಿನ ಸೇರಿನಿಂದ ತೂಗಿದರೆ ಸೋಲುವುದು ತಳಿಯಲ್ಲ, ತೂಗಿದವನು.

ಸರ್ವರಿನ ಪರವಾಗಿ ಹೇಳಬೇಕಾದ ಮುಖ್ಯ ಸಂಗತಿ ಅದರ ಸ್ಮೃತಿಯದು. ತರೀಕೆರೆಯ ಬಳಿಯ ಅಮೃತಾಪುರದ ದೇವಾಲಯ 1196ರದು, ಎಂದರೆ ಶಕ 1118ರ ಸುಮಾರಿನದು. ಅಲ್ಲಿ ಜನ್ನಕವಿ ರಚಿಸಿದ ಶಾಸನವಿದೆ. ಗಣಕಸಂಕೇತದಲ್ಲಿ 8ಕ್ಕೂ 9ಕ್ಕೂ ಇರುವ ಅಂತರ ಒಂದೇ ಬಿಟ್. ಸ್ಮೃತಿಯಲ್ಲಿ ಆ ಬಿಟ್ ತಲೆಕೆಳಗಾದರೆ 1118 ಎಂಬುದು 1119 ಆಗಿ ಕುಳಿತುಕೊಳ್ಳುತ್ತದೆ. ಓದುಗನಿಗೆ ಸಂಶಯವೇ ಬಾರದು. ಇಂಥ ಒಂಟಿ ಬಿಟ್ಟಿನ ದೋಷವನ್ನು ತಾನೇ ತಿದ್ದಿಕೊಳ್ಳುವ ಏರ್ಪಾಡು ಸರ್ವರಿನ ಸ್ಮೃತಿಯಲ್ಲಿದೆ, ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿಲ್ಲ. ವೇಗದ ಪಟ್ಟಿಗಳಲ್ಲಿ ಈ ಗುಣಕ್ಕೆ ಅಂಕವೇ ಇರುವುದಿಲ್ಲವೆಂಬುದು ವಿಚಿತ್ರ.

ಇನ್ನು ವಿದ್ಯುತ್ತಿನ ಮಾತು. ನಾಲ್ಕು ಹಳೆಯ ಚಿಪ್ಪುಗಳು ಉಷ್ಣಮಿತಿಯ ಮಟ್ಟದಲ್ಲಿ ಹಗಲಿರುಳು ದುಡಿದರೆ ದಿನಕ್ಕೆ ಸುಮಾರು ಹನ್ನೆರಡೂವರೆ ಯೂನಿಟ್. ಹೊಸದು ಅದೇ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ಟಿಗೂ ಕಡಮೆ. ಬೀಸಣಿಗೆ, ಸ್ಮೃತಿಫಲಕಗಳ ಖರ್ಚು ಬೇರೆ. ಬಿಟ್ಟಿಯಾಗಿ ದೊರೆತ ಸರ್ವರಿಗೂ ತಿಂಗಳು ತಿಂಗಳು ಬೆಲೆ ತೆರಬೇಕಾಗುತ್ತದೆ. ಆದುದರಿಂದ ನಮ್ಮ ಮೂರು ಊರುಗಳ ಕಾಲೇಜುಗಳಿಗೆ ಲ್ಯಾಪ್‌ಟಾಪೇ ಸಾಕೆಂದು ನನಗೆ ತೋರುತ್ತದೆ. ಆದರೆ ಪ್ರತಿಯೊಂದು ಪಾಠಕ್ಕೂ ಬೇರೆ ಬೇರೆ ಕಡೆ ಮೂರು ನಕಲುಗಳಿರಬೇಕು, ಮಿತಿಗಳನ್ನು ವರ್ಷಕ್ಕೊಮ್ಮೆಯಾದರೂ ರೈಸ್ ಅವರ ಮುದ್ರಿತ ಸಂಪುಟದೊಡನೆ ತಾಳೆನೋಡಬೇಕು.